ಕಲಬುರಗಿ ಮನೆ ಮಾರಿ ಬೆಂಗಳೂರಲ್ಲಿ ಕೊಳ್ಳುವವರು ಮೊದಲು ತಾರೀಖು ನೋಡಿ

ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಹೆಂಡತಿ ಜೊತೆ ನನ್ನ ಕಚೇರಿಗೆ ಬಂದಿದ್ದರು. ಕೂತವರೇ ಹೇಳಿದರು, ‘ಮಗಳು ಬೆಂಗಳೂರಿಗೆ ಬರ್ರಿ ಅಂತ ಕರೀಲಾಕತ್ತಾಳ್ರಿ ವಕೀಲರೇ. ಇಲ್ಲಿ ಇಬ್ಬರೇ ಎಷ್ಟ್ ದಿನ ಇರೋದು?’ ಇಷ್ಟಾದರೆ ತೊಂದರೆ ಇರಲಿಲ್ಲ. ಅವರು ಆಗಲೇ ಬೆಂಗಳೂರಲ್ಲಿ ಒಂದು ಫ್ಲಾಟ್ ನೋಡಿ, ಹತ್ತು ಲಕ್ಷ ಅಡ್ವಾನ್ಸ್ ಕೊಟ್ಟು ಬಂದಿದ್ದರು. ಮೂರು ತಿಂಗಳಲ್ಲಿ ಬಾಕಿ ಹಣ ಕೊಡದಿದ್ದರೆ ಅಡ್ವಾನ್ಸ್ ವಾಪಸ್ ಇಲ್ಲ ಎಂದು ಕರಾರಿನಲ್ಲಿ ಬರೆದಿತ್ತು. ಬ್ರಹ್ಮಪುರದ ಅವರ ಮನೆಗೆ ಇನ್ನೂ ಗಿರಾಕಿಯೇ ಬಂದಿರಲಿಲ್ಲ.

ಮುಂದೆ ಆಗಿದ್ದು ನಾನು ಮತ್ತೆ ಮತ್ತೆ ನೋಡಿದ್ದೇ. ಗಿರಾಕಿ ಬಂದರು, ರೇಟೂ ಕುದುರಿತು. ಆದರೆ ಮನೆಗೆ ಇ-ಖಾತಾ, ಅಂದರೆ ಪಾಲಿಕೆಯ ಕಂಪ್ಯೂಟರ್ ಆಸ್ತಿ ದಾಖಲೆ, ಆಗಿರಲಿಲ್ಲ. ಖರೀದಿ ಪತ್ರದಲ್ಲಿ ಅಡ್ಡಹೆಸರು ಸಮೇತ ಪೂರ್ತಿ ಹೆಸರು, ಆಧಾರ್‌ನಲ್ಲಿ ಬರೀ ಇನಿಶಿಯಲ್. ಅದನ್ನು ಸರಿಪಡಿಸಲು ಪಾಲಿಕೆಗೆ ಓಡಾಡುವುದರಲ್ಲೇ ವಾರಗಳು ಹೋದವು. ಮೂರು ತಿಂಗಳ ಗಡುವು ಹತ್ತಿರ ಬಂದದ್ದು ಇಲ್ಲಿನ ಗಿರಾಕಿಗೂ ಗೊತ್ತಾಯಿತು. ಅವರು ರೇಟು ಇಳಿಸಿದರು. ಸರ್ ಒಪ್ಪಿಕೊಂಡರು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಅದಕ್ಕೇ ದೂರದ ಊರಿಗೆ ಹೋಗುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಇಲ್ಲಿ ಗಿರಾಕಿಯ ಬಯಾನಾ, ಅಂದರೆ ಮುಂಗಡ, ಕೈಗೆ ಬಂದು, ಕಾಗದ ಪೂರ್ತಿ ತಯಾರಾಗುವ ತನಕ ಅಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ. ಮನೆ ಮಾರಿ, ಹೋಗಿ, ಒಂದು ವರ್ಷ ಬಾಡಿಗೆಗೆ ಇರಿ. ಆಮೇಲೆ ಕೊಳ್ಳಿ. ಬಾಡಿಗೆ ಹಣ ಸುಮ್ನೆ ಹೋಗುತ್ತದೆ ಎಂದು ಎಲ್ಲರೂ ಬೇಜಾರು ಮಾಡಿಕೊಳ್ಳುತ್ತಾರೆ. ಅವಸರದಲ್ಲಿ ಮಾರಿದಾಗ ಕಳೆದುಕೊಳ್ಳುವ ದುಡ್ಡಿನ ಮುಂದೆ ಆ ಬಾಡಿಗೆ ಏನೇನೂ ಅಲ್ಲ. ಹೊಸ ಊರಲ್ಲಿ ನೀರು ಎಲ್ಲಿಂದ ಬರುತ್ತದೆ, ಆಸ್ಪತ್ರೆ ಎಷ್ಟು ದೂರ, ಮಗಳ ಮನೆಗೆ ಸಂಜೆ ಟ್ರಾಫಿಕ್‌ನಲ್ಲಿ ಹೋಗಲು ಎಷ್ಟು ಹೊತ್ತು ಬೇಕು ಅನ್ನುವುದೂ ಅಲ್ಲಿ ಇದ್ದಾಗಲೇ ತಿಳಿಯುತ್ತದೆ. ರಾತ್ರಿ ಸೋಲಾಪುರ–ಹಾಸನ ರೈಲು ಹತ್ತಿ ಹೋಗಿ, ಹಗಲು ನಾಲ್ಕು ಮನೆ ನೋಡಿ, ಮತ್ತೆ ರಾತ್ರಿ ರೈಲಿಗೆ ವಾಪಸ್ ಬರುವವರಿಗೆ ಇದು ಯಾವುದೂ ಕಾಣುವುದಿಲ್ಲ.

‘ಆದರೆ ತೆರಿಗೆ ಬೀಳುತ್ತದಲ್ಲ?’ ಎಂದು ಕೇಳುತ್ತಾರೆ. ಮನೆ ಮಾರಿದ ತಕ್ಷಣ ಇನ್ನೊಂದು ಕೊಳ್ಳಬೇಕು, ಇಲ್ಲದಿದ್ದರೆ ಎಲ್ಲಾ ತೆರಿಗೆಗೆ ಹೋಗುತ್ತದೆ ಎಂಬ ಭಯ ನಮ್ಮ ಕಡೆ ಬಹಳ. ಕಾನೂನು ಅಷ್ಟು ಕಠಿಣವಾಗಿಲ್ಲ. 24 ತಿಂಗಳಿಗಿಂತ ಜಾಸ್ತಿ ನಿಮ್ಮದಾಗಿದ್ದ ವಾಸದ ಮನೆ ಮಾರಿದರೆ, ಬಂದ ಲಾಭದಲ್ಲಿ ಇನ್ನೊಂದು ಮನೆ ಕೊಳ್ಳಲು ಮಾರಿದ ದಿನದಿಂದ 2 ವರ್ಷ ಸಮಯವಿದೆ. ಕಟ್ಟಿಸುವುದಾದರೆ 3 ವರ್ಷ. ಮಾರುವ ಮುಂಚಿನ 1 ವರ್ಷದಲ್ಲಿ ಕೊಂಡಿದ್ದರೂ ನಡೆಯುತ್ತದೆ.

ಒಂದು ಲೆಕ್ಕ ನೋಡೋಣ. ಮನೆ 80 ಲಕ್ಷಕ್ಕೆ ಹೋಯಿತು ಅಂದುಕೊಳ್ಳಿ. 2001ಕ್ಕಿಂತ ಹಿಂದೆ ಕೊಂಡ ಮನೆಯಾದರೆ 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಅಸಲು ಎಂದು ಹಿಡಿಯಬಹುದು. ಅದು 8 ಲಕ್ಷ ಎಂದಿಟ್ಟುಕೊಳ್ಳಿ. ಲಾಭ 72 ಲಕ್ಷ. ತೆರಿಗೆ ಶೇ 12.5, ಅಂದರೆ 9 ಲಕ್ಷ, ಮೇಲೆ ಸರ್ಚಾರ್ಜ್ ಮತ್ತು ಸೆಸ್. ಹೊಸ ಮನೆಗೆ 72 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಖರ್ಚಾದರೆ ಈ ತೆರಿಗೆ ಪೂರ್ತಿ ಮಾಫಿ. 60 ಲಕ್ಷದ ಮನೆ ಕೊಂಡರೆ ಉಳಿದ 12 ಲಕ್ಷಕ್ಕೆ ಮಾತ್ರ ತೆರಿಗೆ, ಒಂದೂವರೆ ಲಕ್ಷ. 2024ರ ಜುಲೈ 23ಕ್ಕಿಂತ ಮೊದಲೇ ನಿಮ್ಮದಾಗಿದ್ದ ಮನೆಯಾದರೆ, ಬೆಲೆ ಏರಿಕೆ ಸೂಚ್ಯಂಕ ಹಚ್ಚಿ ಶೇ 20ರ ಹಳೇ ಲೆಕ್ಕವನ್ನೂ ಮಾಡಿಸಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. 2001ರ ಬೆಲೆಗೆ ಆಸ್ತಿ ಬೆಲೆ ಕಟ್ಟುವ ನೋಂದಾಯಿತ ವ್ಯಾಲ್ಯುಯರ್ ಹತ್ತಿರ ವರದಿ ಬರೆಸಿಟ್ಟುಕೊಳ್ಳಿ. ಆಗಿನ ಸರ್ಕಾರಿ ದರಕ್ಕಿಂತ ಜಾಸ್ತಿ ತೋರಿಸಲು ಬರುವುದಿಲ್ಲ.

ಎರಡು ವರ್ಷ ಇದೆ ಎಂದು ಕೇಳಿ ಜನ ನಿಶ್ಚಿಂತೆಯಾಗಿಬಿಡುತ್ತಾರೆ. ಎಡವುವುದು ಅಲ್ಲೇ. ಮನೆ ಮಾರಿದ ವರ್ಷದ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನ, ಸಾಮಾನ್ಯವಾಗಿ ಜುಲೈ 31, ಅಷ್ಟರೊಳಗೆ ಹೊಸ ಮನೆ ಕೊಂಡಿರದಿದ್ದರೆ ಆ ಹಣ ನಿಮ್ಮ ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಇದ್ದರೆ ಸಾಲದು. ಬ್ಯಾಂಕಿನಲ್ಲಿ ‘ಕ್ಯಾಪಿಟಲ್ ಗೇನ್ಸ್ ಅಕೌಂಟ್’ ಎಂದೇ ಬೇರೆ ಖಾತೆ ತೆಗೆದು ಅದರಲ್ಲಿ ಇಡಬೇಕು. ಈ ಸ್ಕೀಮು 1988ರಿಂದ ಇದೆ. ಆದರೂ ಕೌಂಟರ್‌ನಲ್ಲಿ ಕೇಳಿದರೆ ಎಷ್ಟೋ ಕಡೆ ತಲೆ ಕೆರೆದುಕೊಳ್ಳುತ್ತಾರೆ. ಹಳ್ಳಿ ಶಾಖೆಗಳಲ್ಲಿ ತೆಗೆಯಲು ಬರುವುದಿಲ್ಲ. ಜುಲೈ ಕೊನೇ ವಾರದ ತನಕ ಕಾಯದೆ ಜೂನ್‌ನಲ್ಲೇ ಮ್ಯಾನೇಜರ್ ಹತ್ತಿರ ಮಾತಾಡಿ. ಅದರಿಂದ ತೆಗೆದ ಹಣವನ್ನು 60 ದಿನದೊಳಗೆ ಮನೆಗೇ ಬಳಸಬೇಕು.

ಈಗ ತಾರೀಖಿನ ಲೆಕ್ಕ ಹಾಕಿ. ತೆರಿಗೆಯ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಮಾರ್ಚ್ 28ಕ್ಕೆ ರಿಜಿಸ್ಟ್ರಿ ಮಾಡಿದರೆ ಆ ಖಾತೆಗೆ ಹಣ ಹಾಕಲು ನಾಲ್ಕೇ ತಿಂಗಳು. ಅದೇ ಏಪ್ರಿಲ್ 3ಕ್ಕೆ ಮಾಡಿದರೆ ಮುಂದಿನ ವರ್ಷದ ಜುಲೈ, ಅಂದರೆ ಹೆಚ್ಚುಕಮ್ಮಿ ಹದಿನಾರು ತಿಂಗಳು. ಒಂದು ವಾರದ ವ್ಯತ್ಯಾಸಕ್ಕೆ ಒಂದು ವರ್ಷ ಸಿಗುತ್ತದೆ. ಗಿರಾಕಿ ಒಪ್ಪುವುದಾದರೆ ನಾನು ಮಾರ್ಚ್ ಕೊನೆಯ ರಿಜಿಸ್ಟ್ರಿಗಳನ್ನು ಯುಗಾದಿ ಮುಗಿಸಿ ಇಟ್ಟುಕೊಳ್ಳೋಣ ಎನ್ನುತ್ತೇನೆ. ಮಾರ್ಚ್‌ನಲ್ಲೇ ಯುಗಾದಿ ಬಿದ್ದ ವರ್ಷ ಇನ್ನೂ ಒಂದೆರಡು ವಾರ ತಡೆಯಿರಿ ಎನ್ನುತ್ತೇನೆ.

ಇನ್ನೊಂದು ತಪ್ಪು ಪ್ರೀತಿಯಿಂದ ಆಗುವಂಥದ್ದು. ಅಪ್ಪನ ಹೆಸರಿನ ಮನೆ ಮಾರುತ್ತಾರೆ, ಹೊಸದನ್ನು ಮಗನ ಹೆಸರಿಗೆ ಕೊಳ್ಳುತ್ತಾರೆ. ‘ಹೆಂಗೂ ಅವನಿಗೇ ಹೋಗೋದಲ್ರೀ’ ಅನ್ನುತ್ತಾರೆ. ಹೋಗುತ್ತದೆ, ನಿಜ. ಆದರೆ ಮಾರಿದವರ ಹೆಸರಲ್ಲಿ ಹೊಸ ಮನೆ ಇಲ್ಲದಿದ್ದರೆ ತೆರಿಗೆ ಮಾಫಿಗೇ ಕುತ್ತು ಬರುತ್ತದೆ. ಮಾರಿದವರ ಹೆಸರಲ್ಲೇ ಕೊಳ್ಳಿ, ಅವರ ದುಡ್ಡು ಅವರ ಖಾತೆಯಿಂದಲೇ ಹೋಗಲಿ. ಮಗನಿಗೋ ಮಗಳಿಗೋ ಕೊಡಬೇಕೆಂದಿದ್ದರೆ ಉಯಿಲು ಬರೆಯಿರಿ. ಆ ಮನೆಯನ್ನು 3 ವರ್ಷದೊಳಗೆ ಮಾರಿದರೆ ಸಿಕ್ಕ ಮಾಫಿ ಕೈತಪ್ಪುತ್ತದೆ ಎನ್ನುವುದೂ ನೆನಪಿರಲಿ. ವಯಸ್ಸಾದವರು ಇದನ್ನು ಲೆಕ್ಕಕ್ಕೆ ಹಿಡಿದೇ ಮನೆ ಆರಿಸಬೇಕು. ಲಿಫ್ಟ್ ಇಲ್ಲದ ಮೂರನೇ ಮಹಡಿ ಬೇಡ.

ಇಲ್ಲಿನ ಕಾಗದಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಇದು ಉಳಿದ ಜಿಲ್ಲೆಗಳಿಗಿಂತ ಸ್ವಲ್ಪ ತೊಡಕು. ಮನೆ ಅಜ್ಜನ ಕಾಲದ್ದಾದರೆ ಮೂಲ ಪತ್ರ ಉರ್ದುವಿನಲ್ಲಿರುತ್ತದೆ. 1948ರ ತನಕ ನಾವು ನಿಜಾಮರ ಆಡಳಿತದಲ್ಲಿದ್ದೆವು, ಕಚೇರಿ ಭಾಷೆ ಉರ್ದು. ಅದನ್ನು ಬಲ್ಲವರಿಂದ ಅನುವಾದ ಮಾಡಿಸಿ ಇಟ್ಟುಕೊಳ್ಳದಿದ್ದರೆ ಗಿರಾಕಿಯ ಬ್ಯಾಂಕು ಸಾಲ ಕೊಡಲು ತಡ ಮಾಡುತ್ತದೆ. ಹಿರಿಯರಿಂದ ಬಂದ ಮನೆಯಾದರೆ ಅಕ್ಕತಂಗಿಯರ ಸಹಿ ಬೇಕೇ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು. ಒಬ್ಬರು ಸೋಲಾಪುರದಲ್ಲಿ, ಒಬ್ಬರು ಹೈದರಾಬಾದಿನಲ್ಲಿ ಇರುತ್ತಾರೆ. ಅವರಿಗೆ ಫೋನ್ ಮಾಡುವ ಕೆಲಸ ಗಿರಾಕಿ ಬಂದ ಮೇಲಲ್ಲ, ಮಾರುವ ಯೋಚನೆ ಬಂದ ದಿನವೇ ಆಗಬೇಕು. ಅವರ ಪಾಲು ಅವರಿಗೆ ಕೊಟ್ಟು ಎಲ್ಲರೂ ಸೇರಿ ಸಹಿ ಹಾಕುವುದು ನನ್ನ ಪ್ರಕಾರ ಒಳ್ಳೆಯದು. ಅವರವರ ತೆರಿಗೆ ಅವರವರ ಲೆಕ್ಕದಲ್ಲಿ ಹೋಗುತ್ತದೆ, ಸಂಬಂಧವೂ ಉಳಿಯುತ್ತದೆ.

ಮನೆ ಮೇಲೆ ಹಳೇ ಸಾಲ ಇದ್ದು ತೀರಿಸಿದ್ದರೆ ಮೂಲ ಪತ್ರಗಳನ್ನು ಬ್ಯಾಂಕಿನಿಂದ ತಂದುಕೊಂಡಿದ್ದೀರಾ ನೋಡಿ. ಸಾಲ ತೀರಿದ 30 ದಿನದೊಳಗೆ ಅವರು ಪತ್ರ ಕೊಡಬೇಕು. ಅವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ಈ ನಿಯಮ ಇದೆ.

ನಗದು ವ್ಯವಹಾರದ ಬಗ್ಗೆ ನೇರವಾಗಿ ಹೇಳುತ್ತೇನೆ. ಅರ್ಧ ಚೆಕ್, ಅರ್ಧ ಕ್ಯಾಶ್ ಎಂಬ ಮಾತಿಗೆ ಒಪ್ಪಬೇಡಿ. ಮನೆ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದಕ್ಕಿಂತ ಮುಖ್ಯವಾಗಿ, ಚೀಲದಲ್ಲಿ ಬಂದ ಆ ಹಣದಿಂದ ನೀವು ಬೆಂಗಳೂರಲ್ಲಿ ಮನೆ ಕೊಳ್ಳುವುದು ಹೇಗೆ?

50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಮನೆಯಾದರೆ ಕೊಳ್ಳುವವರು ಶೇ 1 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇಲ್ಲಿ ಮಾರುವಾಗ ನಿಮ್ಮ ದುಡ್ಡಿನಲ್ಲಿ ಹಿಡಿಯುತ್ತಾರೆ, ಅಲ್ಲಿ ಕೊಳ್ಳುವಾಗ ನೀವು ಹಿಡಿಯಬೇಕು. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ, ಎರಡನೆಯದು ಮರೆತು ನೋಟಿಸ್ ಬರುತ್ತದೆ. ಬೆಂಗಳೂರಲ್ಲಿ ಮಾರುವವರು ವಿದೇಶದಲ್ಲಿ ನೆಲೆಸಿದ್ದರೆ ನಿಯಮವೇ ಬೇರೆ, ಹಿಡಿಯಬೇಕಾದ ದರ ಬಹಳ ಜಾಸ್ತಿ. ಅವರು ಎಲ್ಲಿರುತ್ತಾರೆ ಎಂದು ಕರಾರಿಗೆ ಮುಂಚೆಯೇ ಕೇಳಿ.

ಭಾಷೆಯಿಂದಲೂ ಗೊಂದಲವಾಗುತ್ತದೆ. ನಾವು ಖಾಲಿ ಜಾಗಕ್ಕೆ ಪ್ಲಾಟ್ ಅನ್ನುತ್ತೇವೆ, ಬೆಂಗಳೂರಿನವರು ಸೈಟ್ ಅನ್ನುತ್ತಾರೆ. ನಮ್ಮ ಖರೀದಿ ಪತ್ರ ಅವರಿಗೆ ಕ್ರಯಪತ್ರ. ಫೋನಿನಲ್ಲಿ ದಲ್ಲಾಳಿ ಫ್ಲಾಟ್ ಅಂದದ್ದನ್ನು ಪ್ಲಾಟ್ ಎಂದು ಕೇಳಿಸಿಕೊಂಡು ರೈಲು ಹತ್ತಿದವರನ್ನು ನಾನು ಬಲ್ಲೆ. ಅಲ್ಲಿ ಎ ಖಾತಾ, ಬಿ ಖಾತಾ ಎಂಬ ಎರಡು ಬಗೆ ಇದೆ. ಎ ಅಂದರೆ ಕಾಗದ, ಅನುಮೋದನೆ ಸರಿ ಇರುವ ಆಸ್ತಿ, ಬಿ ಅಂದರೆ ಅದರಲ್ಲಿ ಕೊರತೆ ಇರುವುದು. ಕಡಿಮೆ ರೇಟಿಗೆ ಸಿಕ್ಕಿತೆಂದು ಬಿ ಖಾತಾ ಕೊಳ್ಳಬೇಡಿ. ಅಪಾರ್ಟ್‌ಮೆಂಟ್ ಆದರೆ ಓಸಿ, ಅಂದರೆ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ, ಕಣ್ಣಾರೆ ನೋಡಿ. ಕಟ್ಟುತ್ತಿರುವ ಕಟ್ಟಡಕ್ಕೆ ಈ ದುಡ್ಡು ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಬಿಲ್ಡರ್ ತಡ ಮಾಡಿದರೂ ನಿಮ್ಮ ತೆರಿಗೆಯ ಗಡುವು ಕಾಯುವುದಿಲ್ಲ.

ಕೊಳ್ಳುವ ಖರ್ಚನ್ನೂ ಎತ್ತಿಡಿ. ನಗರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. 80 ಲಕ್ಷದ ಮನೆಗೆ ಇವೆರಡೇ 6 ಲಕ್ಷ ದಾಟುತ್ತವೆ. ಸಮಾಧಾನದ ವಿಷಯ ಅಂದರೆ, ಈ ಖರ್ಚೂ ಹೊಸ ಮನೆಯ ಬೆಲೆಗೆ ಸೇರಿ ತೆರಿಗೆ ಮಾಫಿಗೆ ಲೆಕ್ಕವಾಗುತ್ತದೆ.

ರಿಜಿಸ್ಟ್ರಿ ಆದ ಮೇಲೆ ಊರು ಬಿಡುವ ಮುಂಚೆ ಎರಡು ಕೆಲಸ. ಜೆಸ್ಕಾಂ ಕರೆಂಟ್ ಮೀಟರ್ ಮತ್ತು ನೀರಿನ ಸಂಪರ್ಕ ಕೊಂಡವರ ಹೆಸರಿಗೆ ಆಗಿದೆಯೇ ನೋಡಿ. ಮಾರಿದ ಮನೆಯ ಎಲ್ಲಾ ಪತ್ರಗಳ ಒಂದು ಸೆಟ್ ಝೆರಾಕ್ಸ್, ಹೊಸ ಖರೀದಿ ಪತ್ರದ ನಕಲು, 2001ರ ಬೆಲೆಯ ವರದಿ, ಇವನ್ನು ಲಾರಿಗೆ ಹಾಕುವ ಸಾಮಾನಿನ ಜೊತೆ ಕಳಿಸಬೇಡಿ. ಕೈಚೀಲದಲ್ಲಿ ಇಟ್ಟುಕೊಂಡು ರೈಲು ಹತ್ತಿ.