ನೆಲದ ಗುಣ, ಜನರ ಹಟ: ಊರುಗಳು ಇದ್ದಲ್ಲೇ ಏಕಿವೆ?

ಅಮೆರಿಕದ ಪೂರ್ವ ಭಾಗದ ನಕಾಶೆಯೊಂದನ್ನು ಹರಡಿಕೊಂಡು ಟ್ರೆಂಟನ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ರಿಚ್ಮಂಡ್, ಕೊಲಂಬಿಯಾ, ಆಗಸ್ಟಾ ಊರುಗಳನ್ನು ಪೆನ್ಸಿಲಿನಿಂದ ಕೂಡಿಸುತ್ತ ಹೋಗಿ. ಈಶಾನ್ಯದಿಂದ ನೈಋತ್ಯಕ್ಕೆ ಇಳಿಯುವ ಗೆರೆಯೊಂದು ಮೂಡುತ್ತದೆ. ಅದು ಸಮುದ್ರತೀರವನ್ನು ಹೆಚ್ಚುಕಡಿಮೆ ಅನುಸರಿಸುತ್ತದೆ, ಆದರೆ ತೀರದಿಂದ ಸಾಕಷ್ಟು ಒಳಗೆ. ಇಷ್ಟೂ ಊರುಗಳನ್ನು ಒಬ್ಬರೇ ಕೂತು ಯೋಚಿಸಿ ಸಾಲಾಗಿ ನಿಲ್ಲಿಸಿದ್ದೇನೂ ಅಲ್ಲ. ಆ ಸಾಲನ್ನು ಎಳೆದದ್ದು ನೆಲದಡಿಯ ಕಲ್ಲು.

ಅಪಲೇಚಿಯನ್ ಬೆಟ್ಟಗಳ ಕಡೆಗೆ ಇರುವುದು ಹಳೆಯ, ಗಟ್ಟಿ ಬಂಡೆ. ಸಮುದ್ರದ ಕಡೆಗೆ ಇರುವುದು ಮರಳು, ಜೇಡಿ, ಮೆತ್ತನೆಯ ಪದರ. ಬೆಟ್ಟದಿಂದ ಇಳಿದು ಬರುವ ನದಿ ಗಟ್ಟಿ ಬಂಡೆಯನ್ನು ನಿಧಾನವಾಗಿ ಸವೆಸುತ್ತದೆ, ಮೆತ್ತನೆಯ ನೆಲವನ್ನು ಬೇಗ ಕೊರೆಯುತ್ತದೆ. ಎರಡೂ ಸೇರುವ ಕಡೆ ನೆಲ ತಗ್ಗುತ್ತದೆ, ನೀರು ಬಂಡೆಗಳ ಮೇಲೆ ಧುಮುಕಿ ಓಡುತ್ತದೆ. ಸಮುದ್ರದಿಂದ ನದಿಯೊಳಗೆ ಹಾಯಿಸಿಕೊಂಡು ಬಂದ ದೋಣಿ ಅಲ್ಲಿಗೆ ನಿಲ್ಲಲೇಬೇಕು. ಸರಕು ಇಳಿಸಬೇಕು, ದಡದ ಮೇಲೆ ಹೊತ್ತು ಸಾಗಿಸಬೇಕು. ಸರಕು ಇಳಿಯುವ ಕಡೆ ಹೊರುವವರು ಬೇಕು, ಗೋದಾಮು ಬೇಕು, ರಾತ್ರಿ ತಂಗಲು ಸೂರು ಬೇಕು. ಧುಮುಕುವ ನೀರಿಗೆ ಚಕ್ರ ಕಟ್ಟಿದರೆ ಹಿಟ್ಟಿನ ಗಿರಣಿ ನಡೆಯುತ್ತದೆ, ಮುಂದೆ ಬಟ್ಟೆಯ ಗಿರಣಿಯೂ ನಡೆಯುತ್ತದೆ. ಸುಮಾರು 1,400 ಕಿಲೋಮೀಟರ್ ಉದ್ದದ ಈ ಗೆರೆಗೆ ಭೂಗೋಳದವರು ಇಟ್ಟ ಹೆಸರು ‘ಫಾಲ್ ಲೈನ್’.

ನನಗೆ ಇದರಲ್ಲಿ ಹೆಚ್ಚು ಕುತೂಹಲದ್ದು ಮುಂದಿನ ಭಾಗ. ರೈಲು ಬಂತು, ಹೆದ್ದಾರಿ ಬಂತು, ನದಿಯಲ್ಲಿ ಸರಕು ಇಳಿಸಿ ಹೊರುವ ಕೆಲಸ ಎಂದೋ ಮುಗಿದುಹೋಯಿತು. ಗಿರಣಿಗೆ ಧುಮುಕುವ ನೀರೂ ಬೇಡವಾಯಿತು. ಆದರೂ ಊರುಗಳು ಅಲ್ಲೇ ಉಳಿದವು. ಹಾಯ್ಟ್ ಬ್ಲೇಕ್ಲಿ ಮತ್ತು ಜೆಫ್ರಿ ಲಿನ್ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಲೆಕ್ಕ ಹಾಕಿ ತೋರಿಸಿತು: ನದಿಗಳು ಈ ಗೆರೆಯನ್ನು ದಾಟುವ ಜಾಗಗಳಲ್ಲಿ ಜನ ಇಂದಿಗೂ ಗುಂಪಾಗಿ ನೆಲೆಸಿದ್ದಾರೆ. ಹುಟ್ಟಿದ ಕಾರಣ ಸತ್ತರೂ ಊರು ಸಾಯಲಿಲ್ಲ. ರಸ್ತೆ, ಮನೆ, ಕೆಲಸ, ನೆಂಟಸ್ತಿಕೆಗಳನ್ನೆಲ್ಲ ಒಂದು ಕಡೆ ಕೂಡಿಹಾಕಿದ ಮೇಲೆ ಹೊಸದಾಗಿ ಬರುವವರಿಗೆ ಅದೇ ಸಾಕಾದ ಕಾರಣವಾಗುತ್ತದೆ.

ಶಾಲೆಯಲ್ಲಿ ಭೂಗೋಳವನ್ನು ಎರಡಾಗಿ ಸೀಳಿ ಕಲಿಸುತ್ತಾರೆ. ಬೆಟ್ಟ, ನದಿ, ಗಾಳಿ, ಮಣ್ಣು ಭೌತ ಭೂಗೋಳ. ಜನಸಂಖ್ಯೆ, ಬೆಳೆ, ಊರು, ಗಡಿ, ದಾರಿ ಮಾನವ ಭೂಗೋಳ. ಪರೀಕ್ಷೆಗೆ ಇದು ಅನುಕೂಲ. ಆದರೆ ಫಾಲ್ ಲೈನಿನಂಥದ್ದು ಯಾವ ಅಧ್ಯಾಯಕ್ಕೆ ಸೇರಬೇಕು? ವಿಷಯದ ರುಚಿ ಇರುವುದೇ ಎರಡೂ ಹೆಣೆದುಕೊಳ್ಳುವ ಇಂಥ ಜಾಗಗಳಲ್ಲಿ.

ಹಾಗೆಂದು ಭೌತ ಭೂಗೋಳದ ಮೂಲಪಾಠವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅದು ದೊಡ್ಡದೂ ಅಲ್ಲ. ಸಮಭಾಜಕದ ಆಸುಪಾಸಿನಲ್ಲಿ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ. ಧ್ರುವಗಳ ಕಡೆಗೆ ಹೋದಂತೆ ಅದೇ ಬಿಸಿಲು ಓರೆಯಾಗಿ ಬಿದ್ದು ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ ಋತುಗಳು ಬದಲಾಗುತ್ತವೆ. ಸಮಭಾಜಕದಲ್ಲಿ ಕಾದ ತೇವದ ಗಾಳಿ ಮೇಲೇರುತ್ತದೆ, ಮೇಲೆ ತಣಿದು ಮಳೆ ಸುರಿಸುತ್ತದೆ. ಅಮೆಜಾನ್, ಕಾಂಗೊ, ಇಂಡೊನೇಷ್ಯದ ಕಾಡುಗಳೆಲ್ಲ ಈ ಮಳೆಯ ಮಕ್ಕಳು. ತೇವ ಕಳೆದುಕೊಂಡ ಗಾಳಿ ಉತ್ತರಕ್ಕೂ ದಕ್ಷಿಣಕ್ಕೂ ಸರಿದು ಸುಮಾರು 30 ಡಿಗ್ರಿ ಅಕ್ಷಾಂಶದ ಹೊತ್ತಿಗೆ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗುತ್ತದೆ, ಬಿಸಿಯಾಗುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಸಹಾರಾ, ಅರೇಬಿಯಾ, ಕಲಹಾರಿ, ಆಸ್ಟ್ರೇಲಿಯದ ಒಳನಾಡು ಈ ಪಟ್ಟಿಯಲ್ಲೋ ಅದರ ಅಂಚಿನಲ್ಲೋ ಇರುವುದು ಕಾಕತಾಳೀಯವಲ್ಲ. ಇಷ್ಟು ತಿಳಿದಿದ್ದರೆ ಹವಾಗುಣದ ನಕಾಶೆಯ ಅರ್ಧವನ್ನು ಬಾಯಿಪಾಠ ಮಾಡದೆಯೇ ಬರೆಯಬಹುದು.

ಉಳಿದರ್ಧ ತಿದ್ದುಪಡಿಗಳದ್ದು. ಕೆನಡದ ವಿನ್ನಿಪೆಗ್‌ಗಿಂತ ಲಂಡನ್ ಹೆಚ್ಚು ಉತ್ತರಕ್ಕಿದೆ. ಆದರೂ ಜನವರಿಯಲ್ಲಿ ವಿನ್ನಿಪೆಗ್‌ನ ಸರಾಸರಿ ಉಷ್ಣತೆ ಸೊನ್ನೆಗಿಂತ 16 ಡಿಗ್ರಿಯಷ್ಟು ಕೆಳಗಿದ್ದರೆ ಲಂಡನ್ನಿನದು ಸೊನ್ನೆಗಿಂತ ಐದಾರು ಡಿಗ್ರಿ ಮೇಲಿರುತ್ತದೆ. ವಿನ್ನಿಪೆಗ್ ಖಂಡದ ನಡುವೆ ಸಿಕ್ಕಿಕೊಂಡಿದೆ; ಲಂಡನ್ನಿನ ಕಡೆಗೆ ಪಶ್ಚಿಮದ ಗಾಳಿ ಅಟ್ಲಾಂಟಿಕ್ ಸಾಗರದ ಬಿಸುಪನ್ನು ಹೊತ್ತು ತರುತ್ತದೆ. ಸಾಗರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ನೆಲಕ್ಕೆ ಆ ತಾಳ್ಮೆ ಇಲ್ಲ.

ಇನ್ನೊಂದು ತಿದ್ದುಪಡಿ ಎತ್ತರದ್ದು. ಅದನ್ನು ಚಿತ್ರವಾಗಿ ಜಗತ್ತಿನ ಮುಂದಿಟ್ಟವನು ಜರ್ಮನಿಯ ನಿಸರ್ಗ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. 1802ರ ಜೂನ್‌ನಲ್ಲಿ ಅವನೂ ಅವನ ಫ್ರೆಂಚ್ ಜೊತೆಗಾರ ಎಮೆ ಬಾಂಪ್ಲಾನ್‌ನೂ ಇಂದಿನ ಈಕ್ವೆಡಾರಿನ ಚಿಂಬೊರಾಜೊ ಪರ್ವತ ಹತ್ತಲು ಹೊರಟರು. 6,263 ಮೀಟರಿನ ಆ ಶಿಖರವೇ ಜಗತ್ತಿನ ಅತಿ ಎತ್ತರದ್ದು ಎಂಬ ನಂಬಿಕೆ ಆಗಿನದು. ತುದಿ ಸಿಗಲಿಲ್ಲ, ಕಣಿವೆಯೊಂದು ಅಡ್ಡ ಬಂದು ಸುಮಾರು 5,900 ಮೀಟರ್ ಎತ್ತರದಲ್ಲಿ ಹಿಂತಿರುಗಬೇಕಾಯಿತು. ಆದರೆ ಹಂಬೋಲ್ಟ್ ದಾರಿಯುದ್ದಕ್ಕೂ ವಾಯುಭಾರ ಮಾಪಕ, ಉಷ್ಣಮಾಪಕ ಹಿಡಿದೇ ನಡೆದವನು. ಪರ್ವತವನ್ನು ಕತ್ತರಿಸಿ ನಿಲ್ಲಿಸಿದಂಥ ಒಂದು ಚಿತ್ರ ಬರೆಸಿ, ಯಾವ ಎತ್ತರದಲ್ಲಿ ಯಾವ ಗಿಡ ಎಂದು ಅವುಗಳ ಹೆಸರನ್ನು ಆಯಾ ಎತ್ತರದಲ್ಲೇ ಸಣ್ಣ ಅಕ್ಷರಗಳಲ್ಲಿ ತುಂಬಿದ. ಕೆಳಗೆ ತಾಳೆಯ ಜಾತಿಯವು, ಅದರ ಮೇಲೆ ಓಕ್, ಇನ್ನೂ ಮೇಲೆ ಕುರುಚಲು ಮತ್ತು ಹುಲ್ಲು, ಕೊನೆಗೆ ಬಂಡೆಗಂಟಿದ ಕಲ್ಲುಹೂವು, ಅದರಾಚೆ ಹಿಮ. ಚಿತ್ರದ ಎರಡೂ ಬದಿಗೆ ಆಯಾ ಎತ್ತರದ ಉಷ್ಣತೆ, ಗಾಳಿಯ ಒತ್ತಡ ಮುಂತಾದವುಗಳ ಅಂಕಣ. ಸಮಭಾಜಕದಿಂದ ಧ್ರುವದ ತನಕ ಸಾವಿರಾರು ಕಿಲೋಮೀಟರ್ ನಡೆದರೆ ಕಾಣುವ ಬದಲಾವಣೆ ಒಂದೇ ಬೆಟ್ಟದ ಮೈಮೇಲೆ ಇತ್ತು. 1817ರಲ್ಲಿ ಅದೇ ಹಂಬೋಲ್ಟ್ ಒಂದೇ ಸರಾಸರಿ ಉಷ್ಣತೆಯ ಜಾಗಗಳನ್ನು ಗೆರೆಯಿಂದ ಕೂಡಿಸಿ ನಕಾಶೆ ಮಾಡಿದ. ಇಂದಿನ ಹವಾಮಾನ ನಕಾಶೆಗಳ ಸಮೋಷ್ಣ ರೇಖೆಗಳು ಬಂದದ್ದು ಅಲ್ಲಿಂದ.

ಸರಾಸರಿ ಲೆಕ್ಕದಲ್ಲಿ 1,000 ಮೀಟರ್ ಮೇಲೇರಿದರೆ ಉಷ್ಣತೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹಾಗಾಗಿ ಸಮಭಾಜಕಕ್ಕೆ ತಾಗಿಕೊಂಡಂತಿದ್ದರೂ 2,850 ಮೀಟರ್ ಎತ್ತರದ ಕೀಟೊ ನಗರದಲ್ಲಿ ವರ್ಷವಿಡೀ ತಂಪು. ಆಂಡಿಸ್‌ನ ಜನ ಹಂಬೋಲ್ಟ್ ಬರುವ ಎಷ್ಟೋ ಶತಮಾನ ಮೊದಲೇ ಈ ಲೆಕ್ಕವನ್ನು ಹೊಲದಲ್ಲಿ ಬಳಸುತ್ತಿದ್ದರು. ಕೆಳಗಿನ ಬೆಚ್ಚನೆಯ ಇಳಿಜಾರಿನಲ್ಲಿ ಮೆಕ್ಕೆಜೋಳ, ಮೇಲಿನ ಚಳಿಯಲ್ಲಿ ಆಲೂಗಡ್ಡೆ, ಅದಕ್ಕೂ ಮೇಲೆ ಲಾಮಾ, ಅಲ್ಪಾಕಗಳಿಗೆ ಹುಲ್ಲುಗಾವಲು. ಎತ್ತರದ ಊರುಗಳಲ್ಲಿ ಆಲೂಗಡ್ಡೆಯನ್ನು ರಾತ್ರಿ ಬಯಲಲ್ಲಿ ಹರಡಿ ಬಿಡುತ್ತಾರೆ, ಅದು ಹೆಪ್ಪುಗಟ್ಟುತ್ತದೆ. ಹಗಲಿನ ಬಿಸಿಲಿಗೆ ಕರಗಿದಾಗ ಕಾಲಿನಿಂದ ತುಳಿದು ನೀರು ಹಿಂಡುತ್ತಾರೆ. ಕೆಲವು ದಿನ ಹೀಗೆ ಮಾಡಿದರೆ ಹಗುರವಾದರೂ ಕಲ್ಲಿನಷ್ಟೇ ಗಟ್ಟಿಯಾದ, ವರ್ಷಗಟ್ಟಲೆ ಕೆಡದ ‘ಚುನ್ಯೊ’ ಸಿಗುತ್ತದೆ. ಕೊರೆಯುವ ರಾತ್ರಿ, ಸುಡುವ ಹಗಲು, ಒಣ ಗಾಳಿ ಮೂರೂ ಒಟ್ಟಿಗೆ ಸಿಗುವುದು ಎತ್ತರದ ಪ್ರಸ್ಥಭೂಮಿಯಲ್ಲಿ ಮಾತ್ರ. ಬೇಸಾಯಕ್ಕೆ ತೊಡಕಾದ ಹವೆಯನ್ನೇ ದಾಸ್ತಾನಿನ ಸಾಧನ ಮಾಡಿಕೊಂಡ ಜಾಣ್ಮೆ ಇದು.

ಈಜಿಪ್ಟಿನ ಮಾತು ಬೇರೆ. ಅಲ್ಲಿ ನೆಲ ಕೊಟ್ಟ ಆಯ್ಕೆಯೇ ಕಿರಿದು. ಸುಮಾರು ಹತ್ತು ಲಕ್ಷ ಚದರ ಕಿಲೋಮೀಟರ್ ದೇಶದಲ್ಲಿ ಶೇಕಡಾ 95ರಷ್ಟು ಜನ ಶೇಕಡಾ 5ರಷ್ಟು ನೆಲದಲ್ಲಿ, ಅಂದರೆ ನೈಲ್ ನದಿಯ ಇಕ್ಕೆಲ ಮತ್ತು ಮುಖಜಭೂಮಿಯಲ್ಲಿ, ಬದುಕುತ್ತಾರೆ. ದೂರದ ಇಥಿಯೋಪಿಯದ ಎತ್ತರದ ನಾಡಿನಲ್ಲಿ ಬಿದ್ದ ಮಳೆ, ಮಳೆಯೇ ಕಾಣದ ಈ ಬಯಲಿಗೆ ಬೇಸಿಗೆಯ ಕೊನೆಗೆ ನೆರೆಯಾಗಿ ಬಂದು ಹೂಳು ಹರಡಿ ಹೋಗುತ್ತಿತ್ತು. ನೆರೆ ಕಡಿಮೆಯಾದರೆ ಬರ, ಹೆಚ್ಚಾದರೆ ಊರೇ ಮುಳುಗಡೆ. ಅದಕ್ಕೇ ಕೈರೊದ ರೋಡಾ ದ್ವೀಪದಲ್ಲಿ ಕ್ರಿ.ಶ. 861ರಲ್ಲಿ ನೀರಿನ ಮಟ್ಟ ಅಳೆಯುವ ಕಂಬವೊಂದನ್ನು ಕಟ್ಟಿದರು. ಗೆರೆ ಕೊರೆದ ಕಲ್ಲಿನ ಕಂಬ. ಆ ವರ್ಷದ ನೀರು ಎಷ್ಟು ಏರಿತೋ ಅದನ್ನು ನೋಡಿ ಬೆಳೆಯ ಅಂದಾಜು, ಬೆಳೆಯ ಅಂದಾಜಿನ ಮೇಲೆ ತೆರಿಗೆ. 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಆ ನೆರೆ ನಿಂತಿತು. ವರ್ಷವಿಡೀ ನೀರಾವರಿ ಸಿಕ್ಕಿತು, ವಿದ್ಯುತ್ ಸಿಕ್ಕಿತು. ಹೂಳು ಮಾತ್ರ ಅಣೆಕಟ್ಟೆಯ ಹಿಂದೆ ಉಳಿಯಿತು. ಹೊಲಗಳಿಗೆ ಗೊಬ್ಬರ ಕೊಳ್ಳಬೇಕಾಯಿತು; ಹೊಸ ಮಣ್ಣು ಬಾರದೆ ಮುಖಜಭೂಮಿಯ ತೀರವನ್ನು ಸಮುದ್ರ ಕೊರೆಯುತ್ತಿದೆ.

ಇಂಥ ಉದಾಹರಣೆಗಳನ್ನು ಸಾಲಾಗಿ ಓದಿದರೆ ನೆಲವೇ ಜನರ ಹಣೆಬರಹ ಬರೆಯುತ್ತದೆ ಅನ್ನಿಸಿಬಿಡಬಹುದು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಭೂಗೋಳಜ್ಞ ಎಲ್ಸ್‌ವರ್ತ್ ಹಂಟಿಂಗ್‌ಟನ್‌ನಂಥವರು ಇದನ್ನು ಸಿದ್ಧಾಂತವನ್ನಾಗಿಯೇ ಮಾಡಿದರು: ತಂಪು ಹವೆಯ ನಾಡಿನವರು ಚುರುಕು, ಬಿಸಿ ನಾಡಿನವರು ಮಂದ. ವಿಜ್ಞಾನದ ವೇಷ ತೊಟ್ಟ ಮೇಲರಿಮೆ ಅದು, ಅಷ್ಟೇ. ಫ್ರಾನ್ಸಿನ ಭೂಗೋಳಜ್ಞ ವಿದಾಲ್ ದ ಲಾ ಬ್ಲಾಶ್‌ನ ಹಾದಿಯವರು ಹೇಳಿದ್ದು ಇದಕ್ಕಿಂತ ನಂಬಲರ್ಹ: ನೆಲ ಕೊಡುವುದು ಸಾಧ್ಯತೆಗಳನ್ನು, ಆರಿಸಿಕೊಳ್ಳುವವರು ಜನ. ಅರೇಬಿಯದ ಮರಳಿನಡಿ ಎಣ್ಣೆ ಇದ್ದದ್ದು ಕೋಟ್ಯಂತರ ವರ್ಷಗಳಿಂದ. 1938ರಲ್ಲಿ ದಮ್ಮಾಮಿನ ಏಳನೇ ಬಾವಿಯಿಂದ ಅದು ಉಕ್ಕಿ ಬಂದಾಗ ನೆಲ ಒಂಚೂರೂ ಬದಲಾಗಿರಲಿಲ್ಲ. ಜಗತ್ತಿನ ಎಂಜಿನ್ನುಗಳು ಬದಲಾಗಿದ್ದವು.

ಗಡಿಗಳಂತೂ ಪೂರ್ತಿ ಮನುಷ್ಯರ ಕೈಕೆಲಸ. ಪಶ್ಚಿಮ ಆಫ್ರಿಕದ ಗ್ಯಾಂಬಿಯ ದೇಶ ಒಂದು ನದಿಯ ಎರಡೂ ದಡಗಳಿಗೆ ಅಂಟಿಕೊಂಡ ಪಟ್ಟಿ. ಹೆಚ್ಚೆಂದರೆ 50 ಕಿಲೋಮೀಟರ್ ಅಗಲ, ಮೂರು ದಿಕ್ಕಿಗೂ ಸೆನೆಗಲ್. ನದಿಯ ಮೇಲೆ ಹಿಡಿತ ಬೇಕಿದ್ದ ಬ್ರಿಟನ್ನೂ ಸುತ್ತಲಿನ ನಾಡು ಹಿಡಿದ ಫ್ರಾನ್ಸೂ 1889ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಬಂದ ಆಕಾರ ಅದು. ಮಂಡಿಂಕ, ವೊಲೊಫ್ ಭಾಷೆಗಳ ಜನ ಗಡಿಯ ಆಚೆಗೂ ಇದ್ದಾರೆ, ಈಚೆಗೂ ಇದ್ದಾರೆ.

ಜನ ಕೈಹಾಕಿ ಭೌತ ಭೂಗೋಳವನ್ನೇ ತಿದ್ದಿದ್ದಕ್ಕೆ ಶಿಕಾಗೋ ಹೆಸರುವಾಸಿ. ದೊಡ್ಡ ಸರೋವರಗಳಿಗೂ ಮಿಸ್ಸಿಸಿಪ್ಪಿ ನದಿಗೂ ನಡುವಣ ನೀರಿಳಿವಿನ ಗೆರೆ ಅಲ್ಲಿ ಕೆಲವೇ ಮೀಟರ್ ಎತ್ತರ. ಮೂಲನಿವಾಸಿಗಳು ದೋಣಿಯನ್ನು ಹೆಗಲ ಮೇಲೆ ಹೊತ್ತು ದಾಟುತ್ತಿದ್ದ ಆ ದಿಬ್ಬದಲ್ಲಿ 1848ರಲ್ಲಿ ಕಾಲುವೆ ಕಡಿದು ಎರಡೂ ಕಡೆಯ ನೀರನ್ನು ಕೂಡಿಸಿದರು. ಊರು ಬೆಳೆದಂತೆ ಅದರ ಕೊಳಚೆ ನದಿಯ ಮೂಲಕ ಕುಡಿಯುವ ನೀರಿನ ಸರೋವರಕ್ಕೇ ಸೇರತೊಡಗಿತು. 1900ರಲ್ಲಿ ಇನ್ನೂ ಆಳದ ಕಾಲುವೆ ತೆರೆದು ನದಿಯ ಹರಿವನ್ನೇ ಹಿಂದುಮುಂದು ಮಾಡಿದರು. ಕೊಳಚೆ ಮಿಸ್ಸಿಸಿಪ್ಪಿಯ ಕಡೆಯವರ ಪಾಲಾಯಿತು. ಅವರು ಸುಮ್ಮನಿರಲಿಲ್ಲ, ಮಿಸ್ಸೂರಿ ರಾಜ್ಯ ಕೋರ್ಟಿಗೆ ಹೋಗಿ ಸೋತಿತು.

ಅದೇ ಮಿಸ್ಸಿಸಿಪ್ಪಿಯ ಕೆಳಗಿನ ತುದಿಯಲ್ಲಿ ಇದಕ್ಕಿಂತ ದೊಡ್ಡ ಜಗ್ಗಾಟ ನಡೆದಿದೆ. ಹೂಳು ಹೊತ್ತ ನದಿ ಸಮುದ್ರಕ್ಕೆ ಮಣ್ಣು ಸುರಿದು ತನ್ನ ದಾರಿಯನ್ನು ತಾನೇ ಉದ್ದ ಮಾಡಿಕೊಳ್ಳುತ್ತದೆ. ದಾರಿ ಉದ್ದವಾದಷ್ಟೂ ಇಳಿಜಾರು ತಗ್ಗುತ್ತದೆ. ಕೊನೆಗೊಂದು ದಿನ ನೀರು ದಡ ಒಡೆದು ಹತ್ತಿರದ ದಾರಿ ಹಿಡಿಯುತ್ತದೆ. ಮಿಸ್ಸಿಸಿಪ್ಪಿ ಸಾವಿರ ವರ್ಷಕ್ಕೊಮ್ಮೆ ಎಂಬಂತೆ ಹೀಗೆ ಬಾಯಿ ಬದಲಿಸುತ್ತ ಬಂದಿದೆ. 1950ರ ಹೊತ್ತಿಗೆ ಅದು ಪಶ್ಚಿಮದ ಅಚಾಫಲಾಯ ನದಿಯ ಕಡೆ ವಾಲುತ್ತಿತ್ತು. ಹಳೆಯ ದಾರಿಯಲ್ಲಿ ಸಮುದ್ರಕ್ಕೆ ಸುಮಾರು 500 ಕಿಲೋಮೀಟರ್, ಹೊಸದರಲ್ಲಿ ಅದರ ಅರ್ಧಕ್ಕೂ ಕಡಿಮೆ. ಆದರೆ ಹಳೆಯ ದಾರಿಯ ಮೇಲೆ ನ್ಯೂ ಆರ್ಲಿಯನ್ಸ್ ಇದೆ, ಬ್ಯಾಟನ್ ರೂಜ್ ಇದೆ, ಸಾಲುಸಾಲು ತೈಲ ಶುದ್ಧೀಕರಣ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ. ನದಿ ಸರಿದುಹೋದರೆ ಬಂದರಿಗೂ ಕುಡಿಯುವ ನೀರಿಗೂ ಕುತ್ತು.

ಹಾಗಾಗಿ 1963ರಲ್ಲಿ, ನೀರು ಅಚಾಫಲಾಯದ ಕಡೆಗೆ ಕವಲೊಡೆಯುವ ‘ಓಲ್ಡ್ ರಿವರ್’ ಎಂಬಲ್ಲಿ ಗೇಟುಗಳ ಕಟ್ಟಡ ಎದ್ದಿತು. ಮಿಸ್ಸಿಸಿಪ್ಪಿ ಮತ್ತು ರೆಡ್ ನದಿಗಳ ಒಟ್ಟು ನೀರಿನಲ್ಲಿ ಶೇಕಡಾ 30 ಅಚಾಫಲಾಯಕ್ಕೆ, ಉಳಿದ 70 ಹಳೆಯ ದಾರಿಗೆ. ಈ ಪಾಲು ಕಾನೂನಿನಲ್ಲೇ ಬರೆದದ್ದು. ಹತ್ತೇ ವರ್ಷದಲ್ಲಿ, 1973ರ ನೆರೆಯಲ್ಲಿ, ನೀರು ಕಟ್ಟಡದ ಅಡಿಪಾಯದ ಕೆಳಗೆ ಕೊರೆಯಿತು. ಪಕ್ಕದ ಗೋಡೆಯೊಂದು ಉರುಳಿತು. ಕಲ್ಲು ಸುರಿದು ಹೇಗೋ ಉಳಿಸಿಕೊಂಡರು. 1986ರಲ್ಲಿ ಒತ್ತಡ ತಗ್ಗಿಸಲು ಇನ್ನೊಂದು ಕಟ್ಟಡ ಸೇರಿಸಿದರು. ಫಾಲ್ ಲೈನಿನಲ್ಲಿ ಕಾರಣ ಹೋದರೂ ಊರು ಉಳಿಯಿತು. ಇಲ್ಲಿ ಊರು ಉಳಿಯಬೇಕೆಂದು ಕಾರಣವನ್ನೇ ಕಟ್ಟಿಹಾಕಿದ್ದಾರೆ.

ಇದರ ಬೆಲೆ ತೆತ್ತದ್ದು ಕರಾವಳಿ. ನದಿಯ ಎರಡೂ ಬದಿಗೆ ಒಡ್ಡು ಕಟ್ಟಿದ ಮೇಲೆ ಹೂಳು ಜೌಗಿಗೆ ಹರಡದೆ ನೇರ ಆಳಸಮುದ್ರಕ್ಕೆ ಹೋಗುತ್ತದೆ. ಮೇಲೆ ಅಣೆಕಟ್ಟುಗಳು, ಕೆಳಗೆ ತೈಲ ಕಂಪನಿಗಳು ತೋಡಿದ ಕಾಲುವೆಗಳು ಬೇರೆ. ಹೀಗೆ 1930ರ ದಶಕದಿಂದ ಲೂಸಿಯಾನ ರಾಜ್ಯ ಸುಮಾರು 5,000 ಚದರ ಕಿಲೋಮೀಟರ್ ನೆಲ ಕಳೆದುಕೊಂಡಿದೆ. ಆದರೆ ಒಂದು ಕಡೆ ಮಾತ್ರ ನೆಲ ಬೆಳೆಯುತ್ತಿದೆ. ಮಾರ್ಗನ್ ಸಿಟಿ ಎಂಬ ಊರನ್ನು ನೆರೆಯಿಂದ ಕಾಪಾಡಲು 1940ರ ದಶಕದ ಆರಂಭದಲ್ಲಿ ಅಚಾಫಲಾಯದಿಂದ ಕಾಲುವೆಯೊಂದನ್ನು ಕಡಿದು ಸಮುದ್ರಕ್ಕೆ ಬಿಟ್ಟಿದ್ದರು. ಅದರ ಬಾಯಲ್ಲಿ ನೀರಿನಡಿ ಹೂಳು ಸದ್ದಿಲ್ಲದೆ ಕೂಡಿಕೊಳ್ಳುತ್ತಿತ್ತು. ಓಲ್ಡ್ ರಿವರ್‌ನ ಗೋಡೆ ಉರುಳಿಸಿದ ಅದೇ 1973ರ ನೆರೆಯ ನಂತರ ಅದು ದ್ವೀಪಗಳಾಗಿ ಮೇಲೆದ್ದಿತು. ಯಾರೂ ಬಯಸದೆ ಹುಟ್ಟಿದ ಈ ‘ವ್ಯಾಕ್ಸ್ ಲೇಕ್’ ಮುಖಜಭೂಮಿ ಇಂದಿಗೂ ಹಿಗ್ಗುತ್ತಿದೆ. ಒಡ್ಡು ಒಡೆದು ಹೂಳನ್ನು ಜೌಗಿಗೆ ಬಿಡಿ, ನೆಲ ತಾನೇ ಬೆಳೆಯುತ್ತದೆ ಎಂದು ವಾದಿಸುವವರು ಕೈತೋರಿಸುವುದು ಇದರ ಕಡೆಗೇ. ಬಿಟ್ಟ ಸಿಹಿನೀರಿನಿಂದ ತಮ್ಮ ಸಿಂಪಿ, ಸೀಗಡಿ ಹಾಳಾಗುತ್ತವೆ ಎಂದು ಕರಾವಳಿಯ ಮೀನುಗಾರರು ಅದನ್ನು ವಿರೋಧಿಸುತ್ತಿದ್ದಾರೆ.