ಡಬಲ್ ಇಂಟಿಗ್ರಲ್: ಮೊದಲು ಚಿತ್ರ, ಆಮೇಲೆ ಲೆಕ್ಕ

ಇಂಜಿನಿಯರಿಂಗ್ ಮೊದಲ ವರ್ಷಕ್ಕೋ ಬಿಎಸ್ಸಿಗೋ ಬಂದ ವಿದ್ಯಾರ್ಥಿಗಳಿಗೆ ಇಂಟಿಗ್ರೇಷನ್ ಹೊಸದೇನಲ್ಲ. ಪಿಯುಸಿಯಲ್ಲಿ ಬೇಕಾದಷ್ಟು ಮಾಡಿರುತ್ತಾರೆ. ಸಬ್‌ಸ್ಟಿಟ್ಯೂಷನ್, ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರಾಕ್ಷನ್ ಎಲ್ಲ ಕೈಗೆ ಕೂತಿರುತ್ತದೆ. ಆದರೂ ಡಬಲ್ ಇಂಟಿಗ್ರಲ್ ಬಂದ ಕೂಡಲೇ ಅವರೇ ತಡವರಿಸುತ್ತಾರೆ. ಉತ್ತರಪತ್ರಿಕೆ ತಿದ್ದುವಾಗ ಕಾರಣ ಸ್ಪಷ್ಟವಾಗಿ ಕಾಣುತ್ತದೆ. ಇಂಟಿಗ್ರೇಷನ್ ಮಾಡುವಾಗ ತಪ್ಪುವವರು ಕಡಿಮೆ. ಜಾಸ್ತಿ ಜನ ಎಡವುವುದು ಅದಕ್ಕೂ ಮೊದಲು, ಲಿಮಿಟ್ ಬರೆಯುವಾಗ.

ಪಿಯುಸಿಯ ಇಂಟಿಗ್ರಲ್‌ನಲ್ಲಿ ಲಿಮಿಟ್ ಅಂದರೆ ಎರಡು ಸಂಖ್ಯೆ. 0ಯಿಂದ 1ರವರೆಗೆ, ಅಷ್ಟೇ. ಅಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಎರಡು ಚರಗಳು ಬಂದಾಗ ನಾವು ಒಂದು ಗೆರೆಯ ಮೇಲಲ್ಲ, ಒಂದು ಜಾಗದ ಮೇಲೆ ಕೂಡಿಸುತ್ತಿರುತ್ತೇವೆ. ಆ ಜಾಗಕ್ಕೆ ಆಕಾರ ಇರುತ್ತದೆ, ಅಂಚುಗಳು, ಮೂಲೆಗಳು ಇರುತ್ತವೆ. ನಾಲ್ಕು ಲಿಮಿಟ್‌ಗಳು ಹೇಳುವುದು ಆ ಆಕಾರವನ್ನೇ. ಆಕಾರ ನೋಡದೆ ಲಿಮಿಟ್ ಬರೆಯಲು ಹೊರಟರೆ ಅದು ಊಹೆಯಾಗುತ್ತದೆ.

ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಲೆಕ್ಕ ತಗೊಳ್ಳೋಣ. ಎಕ್ಸ್ 0ಯಿಂದ 1ರವರೆಗೆ, ವೈ ಎಂಬುದು ಎಕ್ಸ್ ಸ್ಕ್ವೇರ್‌ನಿಂದ 2 − ಎಕ್ಸ್‌ವರೆಗೆ, ಒಳಗೆ ಎಕ್ಸ್ ಗುಣಿಸು ವೈ. 'ಆರ್ಡರ್ ಬದಲಿಸಿ ಬೆಲೆ ಕಂಡುಹಿಡಿಯಿರಿ' ಅನ್ನುವುದು ಪ್ರಶ್ನೆ. ಆರ್ಡರ್ ಅಂದರೆ ಎಕ್ಸ್, ವೈಗಳಲ್ಲಿ ಯಾವುದಕ್ಕೆ ಮೊದಲು ಇಂಟಿಗ್ರೇಟ್ ಮಾಡುತ್ತೇವೆ ಅನ್ನುವ ಕ್ರಮ.

ಚಿತ್ರ ಬರೆಯದವರು ಮಾಡುವ ಮೊದಲ ಕೆಲಸ, ಒಳಗಿನ ಲಿಮಿಟ್ಟನ್ನು ಹೊರಗೆ, ಹೊರಗಿನದನ್ನು ಒಳಗೆ ಹಾಕುವುದು. ಕೊನೆಗೆ ಉತ್ತರದಲ್ಲಿ ಎಕ್ಸ್ ಉಳಿದುಬಿಡುತ್ತದೆ. ನಾವು ಹುಡುಕುತ್ತಿರುವುದು ಒಂದು ಸಂಖ್ಯೆ. ಅದರಲ್ಲಿ ಎಕ್ಸ್ ಇರಲು ಸಾಧ್ಯವೇ ಇಲ್ಲ ಅಲ್ವಾ? ಹೊರಗಿನ ಇಂಟಿಗ್ರಲ್‌ನ ಲಿಮಿಟ್‌ಗಳು ಯಾವಾಗಲೂ ಬರೀ ಸಂಖ್ಯೆಗಳಾಗಿರಬೇಕು. ಇದೊಂದು ತಿಳಿದಿದ್ದರೂ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಸರಿಯಾದ ದಾರಿ ನೋಡೋಣ. ಪ್ರತಿ ಲಿಮಿಟ್ಟನ್ನೂ ಒಂದು ಗೆರೆಯಾಗಿ ಓದಿ: ಎಕ್ಸ್ = 0, ಎಕ್ಸ್ = 1, ವೈ = ಎಕ್ಸ್ ಸ್ಕ್ವೇರ್, ವೈ = 2 − ಎಕ್ಸ್. ಮೊದಲನೆಯದು ವೈ ಅಕ್ಷವೇ. ಮೂರನೆಯದು ಪ್ಯಾರಾಬೋಲಾ, ನಾಲ್ಕನೆಯದು ಇಳಿಜಾರಿನ ನೇರ ಗೆರೆ. ಪ್ಯಾರಾಬೋಲಾ ಮತ್ತು ಆ ಗೆರೆ ಎಲ್ಲಿ ಸೇರುತ್ತವೆ? ಎರಡನ್ನೂ ಸಮ ಮಾಡಿದರೆ ಎಕ್ಸ್ = 1 ಅಥವಾ −2. ನಮಗೆ ಬೇಕಾದದ್ದು 1. ಹಾಗಾಗಿ ಈ ಜಾಗದ ಮೂರು ಮೂಲೆಗಳು (0, 0), (0, 2) ಮತ್ತು (1, 1). ಎಕ್ಸ್ = 1 ಎಂಬ ಗೆರೆ ಆ ಜಾಗವನ್ನು ಮುಟ್ಟುವುದು ಒಂದೇ ಬಿಂದುವಿನಲ್ಲಿ. ಇದು ಚಿತ್ರ ಬರೆದವರಿಗೆ ಮಾತ್ರ ಕಾಣುವ ವಿಷಯ. ಪೆನ್ಸಿಲ್‌ನಲ್ಲಿ ಸುಮ್ನೆ ಎಳೆದರೂ ಸಾಕು, ಅಂದವಾಗಿರಬೇಕಿಲ್ಲ. ಮೂಲೆಗಳ ಬೆಲೆ ಮಾತ್ರ ಸರಿಯಾಗಿರಲಿ.

ಕೊಟ್ಟಿರುವ ಆರ್ಡರ್‌ನಲ್ಲಿ ಈ ಜಾಗವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿದಂತೆ ನೋಡಿದರೆ, ಆ ಪಟ್ಟಿಗಳು ನಿಂತಿವೆ. ಪ್ರತಿ ಪಟ್ಟಿಯೂ ಪ್ಯಾರಾಬೋಲಾದಿಂದ ಹೊರಟು ಮೇಲಿನ ಗೆರೆಗೆ ಮುಟ್ಟುತ್ತದೆ. ಆರ್ಡರ್ ಬದಲಿಸುವುದು ಅಂದರೆ ಅದೇ ಜಾಗದಲ್ಲಿ ಪಟ್ಟಿಗಳನ್ನು ಮಲಗಿಸುವುದು. ಮಲಗಿದ ಪಟ್ಟಿಯ ಎಡತುದಿ ಎಲ್ಲ ಕಡೆಯೂ ವೈ ಅಕ್ಷದ ಮೇಲಿದೆ, ಅಂದರೆ ಎಕ್ಸ್ = 0. ಬಲತುದಿ? ವೈ 1ಕ್ಕಿಂತ ಕಡಿಮೆ ಇದ್ದಾಗ ಅದು ಪ್ಯಾರಾಬೋಲಾದ ಮೇಲೆ, ಅಂದರೆ ಎಕ್ಸ್ = ವೈ ವರ್ಗಮೂಲ. 1 ದಾಟಿದ ಮೇಲೆ ನೇರ ಗೆರೆಯ ಮೇಲೆ, ಅಂದರೆ ಎಕ್ಸ್ = 2 − ವೈ. ತುದಿ ಕೂತಿರುವ ಗೆರೆ ಬದಲಾದ ಕಡೆ ಇಂಟಿಗ್ರಲ್ ಒಡೆಯಲೇಬೇಕು. ಹಾಗಾಗಿ ಎರಡು ತುಂಡು. ಮೊದಲನೆಯದರ ಬೆಲೆ 1/6, ಎರಡನೆಯದು 5/24. ಕೂಡಿದರೆ 3/8.

ಇಲ್ಲಿ ನಾನು ತರಗತಿಯಲ್ಲಿ ತುಂಬ ಒತ್ತಿ ಹೇಳುವ ಒಂದು ಅಭ್ಯಾಸವಿದೆ. ಲಿಮಿಟ್ ಬರೆದ ಮೇಲೆ ಒಳಗಿನ ಫಂಕ್ಷನ್ನನ್ನು ಒಂದು ಕ್ಷಣ ಮರೆತು, ಅದರ ಜಾಗದಲ್ಲಿ ಬರೀ 1 ಇಟ್ಟು ಲೆಕ್ಕ ಮಾಡಿ. ಆಗ ಬರುವುದು ಆ ಜಾಗದ ಕ್ಷೇತ್ರಫಲ. ಹಳೆಯ ಆರ್ಡರ್‌ನಲ್ಲಿ 2 − 1/2 − 1/3, ಅಂದರೆ 7/6. ಹೊಸ ಆರ್ಡರ್‌ನಲ್ಲಿ 2/3 + 1/2, ಅದೂ 7/6. ಎರಡೂ ಒಂದೇ ಬಂದರೆ ಲಿಮಿಟ್ ಬಗ್ಗೆ ಧೈರ್ಯವಾಗಿ ಮುಂದೆ ಹೋಗಬಹುದು. ಬೇರೆ ಬೇರೆ ಬಂದರೆ ಮುಂದಿನ ಲೆಕ್ಕ ಮಾಡುವುದೇ ದಂಡ, ಮೊದಲು ಚಿತ್ರಕ್ಕೆ ವಾಪಸ್ ಹೋಗಬೇಕು. ಇದಕ್ಕೆ ಬೇಕಾಗುವುದು ಎರಡು ಸಾಲು. ಪರೀಕ್ಷೆಯಲ್ಲಿ ಇಷ್ಟು ಅಗ್ಗದ ವಿಮೆ ಬೇರೆ ಸಿಗುವುದಿಲ್ಲ.

ಉತ್ತರವನ್ನೂ ಹೀಗೇ ಒರೆಗೆ ಹಚ್ಚಬಹುದು. ಈ ಜಾಗದಲ್ಲಿ ಎಕ್ಸ್ ಗುಣಿಸು ವೈ ಎಲ್ಲೂ 1ನ್ನು ಮೀರುವುದಿಲ್ಲ. ಸೊನ್ನೆಗಿಂತ ಕೆಳಗೂ ಇಳಿಯುವುದಿಲ್ಲ. ಹಾಗಾದರೆ ಉತ್ತರ 0 ಮತ್ತು 7/6ರ ನಡುವೆಯೇ ಇರಬೇಕು. 3/8 ಸರಿಹೊಂದುತ್ತದೆ. ಯಾರಾದರೂ 8/3 ಅಂತ ಬರೆದಿದ್ದರೆ, ಅಥವಾ ಮೈನಸ್ ಬಂದಿದ್ದರೆ, ಒಂದು ಹೆಜ್ಜೆಯನ್ನೂ ಓದದೆ ಅದು ತಪ್ಪು ಅಂತ ಹೇಳಬಹುದು.

ಆರ್ಡರ್ ಬದಲಿಸುವುದು ಯಾಕೆ ಬೇಕು ಅನ್ನುವುದು ಮೇಲಿನ ಲೆಕ್ಕದಲ್ಲಿ ಗೊತ್ತಾಗುವುದಿಲ್ಲ, ಯಾಕಂದರೆ ಅದು ಎರಡೂ ಕಡೆಯಿಂದ ಬಿಡಿಸಲು ಬರುತ್ತದೆ. ನಿಜವಾದ ಅಗತ್ಯ ಕಾಣುವುದು ಇಂಥ ಲೆಕ್ಕದಲ್ಲಿ: ಎಕ್ಸ್ 0ಯಿಂದ 1, ವೈ ಎಂಬುದು ಎಕ್ಸ್‌ನಿಂದ 1, ಒಳಗೆ ಇ ಪವರ್ ವೈ ಸ್ಕ್ವೇರ್. ಮೊದಲು ವೈಗೆ ಇಂಟಿಗ್ರೇಟ್ ಮಾಡಲು ಹೋದರೆ ಗೋಡೆಗೆ ಹಾಯುತ್ತೀರಿ. ನಿಮಗೆ ಸೂತ್ರ ನೆನಪಿಲ್ಲ ಅಂತಲ್ಲ, ನಮಗೆ ಗೊತ್ತಿರುವ ಸಾಮಾನ್ಯ ಫಂಕ್ಷನ್‌ಗಳಲ್ಲಿ ಅದರ ಇಂಟಿಗ್ರಲ್ ಬರೆಯಲು ಬರುವುದೇ ಇಲ್ಲ. ಇಂಥ ಇಂಟಿಗ್ರಲ್‌ಗಳ ಬಗ್ಗೆ 1830ರ ದಶಕದಲ್ಲಿ ಫ್ರಾನ್ಸಿನ ಜೋಸೆಫ್ ಲಿಯೂವಿಲ್ ಕಟ್ಟಿದ ಸಿದ್ಧಾಂತ ಇದನ್ನು ಸಾಧಿಸಿ ತೋರಿಸುತ್ತದೆ. ಆದರೆ ಜಾಗ ಒಂದು ತ್ರಿಕೋನ. ಪಟ್ಟಿ ಮಲಗಿಸಿದರೆ ಎಕ್ಸ್ 0ಯಿಂದ ವೈವರೆಗೆ ಓಡುತ್ತದೆ, ಒಳಗಿನ ಇಂಟಿಗ್ರಲ್‌ನಿಂದ ಒಂದು ವೈ ಗುಣಕವಾಗಿ ಸಿಗುತ್ತದೆ. ಸಬ್‌ಸ್ಟಿಟ್ಯೂಷನ್‌ಗೆ ಬೇಕಾಗಿದ್ದದ್ದು ಅದೇ ವೈ! ಉತ್ತರ (ಇ − 1)/2, ಸುಮಾರು 0.859. ತ್ರಿಕೋನದ ಕ್ಷೇತ್ರಫಲ 1/2, ಫಂಕ್ಷನ್ 1 ಮತ್ತು 2.718ರ ನಡುವೆ. ಹಾಗಾಗಿ ಉತ್ತರ 0.5 ಮತ್ತು 1.36ರ ನಡುವೆ ಇರಬೇಕಿತ್ತು, ಇದೆ. ಈ ಲೆಕ್ಕವನ್ನು ಎಷ್ಟು ಸಲ ಬೋರ್ಡ್ ಮೇಲೆ ಮಾಡಿದರೂ ಆ ವೈ ಬಂದು ಕೂರುವ ಹೆಜ್ಜೆಯಲ್ಲಿ ನನಗೆ ಖುಷಿಯಾಗುತ್ತದೆ.

ಪೋಲಾರ್‌ಗೆ ಹೋಗುವಾಗಲೂ, ಅಂದರೆ ಎಕ್ಸ್, ವೈ ಬದಲು ಕೇಂದ್ರದಿಂದ ಇರುವ ದೂರ ಆರ್ ಮತ್ತು ಕೋನ ಥೀಟಾ ಬಳಸುವಾಗಲೂ, ಚಿತ್ರವೇ ಕಾಪಾಡುವುದು. ಇಲ್ಲಿ ಜಾಸ್ತಿ ಮರೆತುಹೋಗುವುದು ಆ ಒಂದು ಆರ್. ಡಿ‌ಎಕ್ಸ್ ಡಿ‌ವೈ ಬದಲು ಆರ್ ಡಿ‌ಆರ್ ಡಿ‌ಥೀಟಾ ಬರೆಯಬೇಕು ಅಂತ ಬಾಯಿಪಾಠ ಮಾಡಿದವರು ಒತ್ತಡದಲ್ಲಿ ಅದನ್ನು ಬಿಡುತ್ತಾರೆ. ಕೇಂದ್ರದಿಂದ ಆರ್ ದೂರದಲ್ಲಿ ಒಂದು ಸಣ್ಣ ತುಂಡು ಬರೆದು ನೋಡಿ. ಅದರ ಒಂದು ಬದಿ ಡಿ‌ಆರ್. ಇನ್ನೊಂದು ಬದಿ ಕೋನ ಅಲ್ಲ, ಆ ಕೋನ ಕತ್ತರಿಸುವ ಕಂಸ. ಅದರ ಉದ್ದ ಆರ್ ಗುಣಿಸು ಡಿ‌ಥೀಟಾ. ಕೇಂದ್ರದಿಂದ ದೂರ ಹೋದಷ್ಟೂ ತುಂಡು ಅಗಲವಾಗುತ್ತದೆ. ಇಷ್ಟು ಕಂಡವರು ಆರ್ ಮರೆಯುವುದಿಲ್ಲ.

ಆ ಆರ್ ಎಷ್ಟು ಮುಖ್ಯ ಅಂತ ಗೊತ್ತಾಗಬೇಕಾದರೆ ಇ ಪವರ್ ಮೈನಸ್ ಎಕ್ಸ್ ಸ್ಕ್ವೇರ್ ನೋಡಿ. 0ಯಿಂದ ಅನಂತದವರೆಗೆ ಅದರ ಇಂಟಿಗ್ರಲ್ ಬೇಕು. ನೇರವಾಗಿ ಬರುವುದಿಲ್ಲ. ಹಾಗಾಗಿ ಅದನ್ನೇ ಅದರಿಂದ ಗುಣಿಸಿ, ಒಂದರಲ್ಲಿ ಎಕ್ಸ್, ಇನ್ನೊಂದರಲ್ಲಿ ವೈ ಇಟ್ಟು, ಮೊದಲ ಚತುರ್ಥಕದ ಮೇಲೆ ಡಬಲ್ ಇಂಟಿಗ್ರಲ್ ಮಾಡುತ್ತೇವೆ. ಪೋಲಾರ್‌ನಲ್ಲಿ ಬರುವ ಆರ್ ಲೆಕ್ಕವನ್ನು ಸುಲಭ ಮಾಡುತ್ತದೆ, ಬೆಲೆ ಪೈ/4. ವರ್ಗಮೂಲ ತೆಗೆದರೆ ಪೈ ವರ್ಗಮೂಲದ ಅರ್ಧ, ಸುಮಾರು 0.886. ಆರ್ ಬಿಟ್ಟರೆ? ಹೊರಟ ಇಂಟಿಗ್ರಲ್ಲೇ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಸ್ಟಾಟಿಸ್ಟಿಕ್ಸ್‌ನಲ್ಲಿ ಓದುವ ನಾರ್ಮಲ್ ಕರ್ವ್‌ನ ಸೂತ್ರದಲ್ಲಿ ಪೈ ಯಾಕಿದೆ ಅನ್ನುವುದಕ್ಕೂ ಇದೇ ಉತ್ತರ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆರ್ಡರ್ ಬದಲಿಸಿದರೆ ಉತ್ತರ ಯಾವಾಗಲೂ ಅದೇ ಇರುತ್ತದೆ ಅಂತ ನಂಬಬೇಡಿ. ಎಕ್ಸ್ ಸ್ಕ್ವೇರ್ − ವೈ ಸ್ಕ್ವೇರ್ ಎಂಬುದನ್ನು ಎಕ್ಸ್ ಸ್ಕ್ವೇರ್ + ವೈ ಸ್ಕ್ವೇರ್‌ನ ವರ್ಗದಿಂದ ಭಾಗಿಸಿ, 0ಯಿಂದ 1ರ ಚೌಕದ ಮೇಲೆ ಇಂಟಿಗ್ರೇಟ್ ಮಾಡಿ. ಮೊದಲು ವೈ, ಆಮೇಲೆ ಎಕ್ಸ್ ಮಾಡಿದರೆ ಪೈ/4. ಮೊದಲು ಎಕ್ಸ್, ಆಮೇಲೆ ವೈ ಮಾಡಿದರೆ ಮೈನಸ್ ಪೈ/4. ಎರಡೂ ಲೆಕ್ಕ ಸರಿ. ತೊಂದರೆ ಇರುವುದು (0, 0)ಯಲ್ಲಿ. ಅದರ ಹತ್ತಿರ ಫಂಕ್ಷನ್ ಒಂದು ಕಡೆ ಮೇಲಕ್ಕೂ ಇನ್ನೊಂದು ಕಡೆ ಕೆಳಕ್ಕೂ ಮಿತಿಯಿಲ್ಲದೆ ಹೋಗುತ್ತದೆ. 1907ರಲ್ಲಿ ಇಟಲಿಯ ಗಿಡೋ ಫುಬಿನಿ ಕೊಟ್ಟ ಪ್ರಮೇಯ ಯಾವಾಗ ಬದಲಿಸಬಹುದು ಅಂತ ತಿಳಿಸುತ್ತದೆ. ಫಂಕ್ಷನ್‌ನ ಚಿಹ್ನೆ ಬಿಟ್ಟು ಬರೀ ಪರಿಮಾಣದ ಇಂಟಿಗ್ರಲ್ ಒಂದು ಸೀಮಿತ ಸಂಖ್ಯೆಯಾಗಿದ್ದರೆ ಬದಲಿಸುವುದಕ್ಕೆ ಅಡ್ಡಿಯಿಲ್ಲ. ಮೊದಲ ವರ್ಷದ ಲೆಕ್ಕಗಳಲ್ಲಿ ಫಂಕ್ಷನ್ ಸಾಮಾನ್ಯವಾಗಿ ಧನಾತ್ಮಕವಾಗಿರುತ್ತದೆ, ಇಲ್ಲವೇ ಮುಚ್ಚಿದ ಜಾಗದ ಮೇಲೆ ಎಲ್ಲೂ ಕಡಿಯದೆ ಹರಿಯುತ್ತದೆ. ಹಾಗಾಗಿ ನಮಗೆ ಅಪಾಯ ಎದುರಾಗುವುದಿಲ್ಲ. ಆದರೂ ಛೇದ ಸೊನ್ನೆಯಾಗುವ ಬಿಂದು ಜಾಗದ ಒಳಗೋ ಅಂಚಿನಲ್ಲೋ ಇದೆಯಾ ಅಂತ ಒಮ್ಮೆ ನೋಡುವ ಅಭ್ಯಾಸ ಈಗಲೇ ಬೆಳೆಯಲಿ.

ಕೈಯಾರೆ ಮಾಡಿ ನೋಡಲು ಒಂದು ಲೆಕ್ಕ ಕೊಡುತ್ತೇನೆ. ಎಕ್ಸ್ 0ಯಿಂದ ಅನಂತ, ವೈ ಎಂಬುದು ಎಕ್ಸ್‌ನಿಂದ ಅನಂತ, ಒಳಗೆ ಇ ಪವರ್ ಮೈನಸ್ ವೈ, ಅದನ್ನು ವೈಯಿಂದ ಭಾಗಿಸಿದ್ದು. ಛೇದ ಇಲ್ಲೂ (0, 0)ಯಲ್ಲಿ ಸೊನ್ನೆಯಾಗುತ್ತದೆ. ಆದರೆ ಫಂಕ್ಷನ್ ಧನಾತ್ಮಕ, ಆರ್ಡರ್ ಬದಲಿಸಬಹುದು. ವೈ = ಎಕ್ಸ್ ಗೆರೆ ಎಳೆದು ಅದರ ಮೇಲಿನ ಜಾಗಕ್ಕೆ ಗೀಟು ಹಾಕಿ, ಪಟ್ಟಿ ಮಲಗಿಸಿ, ಅದರ ಎರಡು ತುದಿಗಳನ್ನು ಓದಿ. ಉತ್ತರ 1 ಬರಬೇಕು.