ಸೆನ್ಸರ್ ಇಟ್ಟಿದ್ದೇವೆ, ಸೆಂಟ್ರಿಂಗ್ ಬಿಚ್ಚಬಹುದಾ?

"ಸರ್, ಮೋಲ್ಡ್ ಒಳಗೆ ಸೆನ್ಸರ್ ಇಟ್ಟಿದ್ದೇವೆ. ಐದನೇ ದಿನಕ್ಕೇ ಸ್ಟ್ರೆಂತ್ ಬಂತು ಅಂತ ಮೊಬೈಲ್‌ನಲ್ಲಿ ತೋರಿಸುತ್ತಿದೆ. ಸೆಂಟ್ರಿಂಗ್ ಬಿಚ್ಚಬಹುದಾ?"

ಮೋಲ್ಡ್ ಅಂದರೆ ತಾರಸಿಗೆ ಹಾಕಿದ ಕಾಂಕ್ರೀಟ್, ಸೆಂಟ್ರಿಂಗ್ ಅಂದರೆ ಅದನ್ನು ಹೊತ್ತು ನಿಂತ ಹಲಗೆ, ಕಂಬ. ಮೊದಲೆಲ್ಲ ಈ ಪ್ರಶ್ನೆ ವಸಂತನರಸಾಪುರದ ಕಡೆ ಫ್ಯಾಕ್ಟರಿ ಕಟ್ಟುವವರಿಂದ ಬರುತ್ತಿತ್ತು. ಈಗ ತುಮಕೂರಿನಲ್ಲಿ ಬಾಡಿಗೆಗೆ ಮೂರು ಅಂತಸ್ತು ಎಬ್ಬಿಸುವವರೂ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ, ಹಾಗಾಗಿ ಒಂದೇ ಸಲ ಬರೆದು ಬಿಡುತ್ತೇನೆ. ನಿಮ್ಮದೇ ಮಿಕ್ಸ್‌ನ ಕ್ಯೂಬ್ (ಪರೀಕ್ಷೆಗೆ ಹಾಕುವ ಕಾಂಕ್ರೀಟ್ ಗಟ್ಟಿ) ಒಡೆದು ಆ ಸೆನ್ಸರ್‌ಗೆ ಲೆಕ್ಕ ಕೂರಿಸಿದ್ದೀರಾ? ಇಲ್ಲ ಅಂದರೆ ಬಿಚ್ಚಬೇಡಿ.

ಯಾಕೆ ಅಂದರೆ, ನಮ್ಮ ಸೈಟುಗಳಿಗೆ ಬರುವ ಸೆನ್ಸರ್ ಸಾಮಾನ್ಯವಾಗಿ ಕಾಂಕ್ರೀಟಿನ ಬಲವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಬಿಸಿ. ಕಂಬಿಗೆ ಕಟ್ಟಿ ಕಾಂಕ್ರೀಟ್ ಒಳಗೆ ಹೂತ ಥರ್ಮಾಮೀಟರ್ ಅದು, ಜೊತೆಗೊಂದು ಗಡಿಯಾರ, ಅಷ್ಟೇ. ಮೊಬೈಲ್‌ನಲ್ಲಿ ಕಾಣುವ ಸ್ಟ್ರೆಂತ್ ಆ ಬಿಸಿಯಿಂದ ಲೆಕ್ಕ ಹಾಕಿ ತೆಗೆದ ಅಂದಾಜು.

ಲೆಕ್ಕ ಸುಲಭ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುವ ವೇಗ ಬಿಸಿಯ ಮೇಲೆ ನಿಂತಿದೆ. ಸೊನ್ನೆ ಡಿಗ್ರಿಯನ್ನು ಬುಡ ಅಂತ ಇಟ್ಟುಕೊಂಡರೆ, ಒಳಗೆ 30 ಡಿಗ್ರಿ ಇರುವ ಕಾಂಕ್ರೀಟ್ ದಿನಕ್ಕೆ 30 ಗುಣಿಸು 24, ಅಂದರೆ 720 ಅಂಕ ಕೂಡಿಸುತ್ತದೆ. 20 ಡಿಗ್ರಿ ಇದ್ದರೆ 480. ಬೇಸಿಗೆಯಲ್ಲಿ 7 ದಿನಕ್ಕೆ ಆಗುವ ಅಂಕಕ್ಕೆ ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಯಲ್ಲಿ ಹತ್ತೂವರೆ ದಿನ ಬೇಕಾಗಬಹುದು. ಇದಕ್ಕೆ ಮೆಚುರಿಟಿ ಅಂತ ಹೆಸರು. ಆದರೆ ಯಾವ ಅಂಕಕ್ಕೆ ಎಷ್ಟು ಬಲ ಅನ್ನುವುದು ಸೆನ್ಸರ್‌ಗೆ ಹುಟ್ಟಿನಿಂದ ಬರುವ ಜ್ಞಾನ ಅಲ್ಲ. ಅದೇ ಸಿಮೆಂಟು, ಅದೇ ಜಲ್ಲಿ, ಅದೇ ಎಂ-ಸ್ಯಾಂಡ್, ಅದೇ ನೀರಿನ ಲೆಕ್ಕದಲ್ಲಿ ಕ್ಯೂಬ್ ಹಾಕಿ 1, 3, 7, 14, 28ನೇ ದಿನ ಒಡೆದು ಅದಕ್ಕೆ ಕಲಿಸಬೇಕು. ಸಿಮೆಂಟ್ ಬ್ರ್ಯಾಂಡ್ ಬದಲಾಯಿತಾ, ಮತ್ತೆ ಕಲಿಸಬೇಕು.

ಈಗ ನಿಜವಾದ ಅಪಾಯಕ್ಕೆ ಬನ್ನಿ. ಮಿಕ್ಸ್ ಲೆಕ್ಕದಲ್ಲಿ ಸಿಮೆಂಟಿನ ಅರ್ಧ ತೂಕ ನೀರು ಅಂತಿದ್ದರೆ 50 ಕೆಜಿ ಮೂಟೆಗೆ 25 ಲೀಟರ್. ಮಾಲು ಗಟ್ಟಿಯಾಯ್ತು, ಎಳೆಯೋಕೆ ಆಗ್ತಿಲ್ಲ ಅಂತ ಮಿಲ್ಲರ್‌ಗೆ (ಕಲಸುವ ಮೆಷಿನ್‌ಗೆ) ಇನ್ನೊಂದು 10 ಲೀಟರ್ ಬಕೆಟ್ ಸುರಿದರು ಅಂದುಕೊಳ್ಳಿ. ಬಲ ದೊಡ್ಡ ಪ್ರಮಾಣದಲ್ಲಿ ಬಿದ್ದು ಹೋಯಿತು. ಸೆನ್ಸರ್‌ಗೆ ಗೊತ್ತಾಯಿತಾ? ಇಲ್ಲ. ಸಿಮೆಂಟು ಹೆಚ್ಚುಕಡಿಮೆ ಅಷ್ಟೇ ಬಿಸಿ ಬಿಡುತ್ತದೆ, ಮೊಬೈಲ್ ಹಳೆಯ ನಂಬರನ್ನೇ ತೋರಿಸುತ್ತದೆ. ಸರಿಯಾಗಿ ಕುಟ್ಟದೆ ಜೇನುಗೂಡಿನ ಹಾಗೆ ಟೊಳ್ಳು ಬಿಟ್ಟರೂ ಅಷ್ಟೇ. ಕೋಲಾರದ ಏಪ್ರಿಲ್ ಬಿಸಿಲಲ್ಲಿ ನೀರು ಹಾಕದೆ ಬಿಟ್ಟ ಮೋಲ್ಡ್ ಅಂತೂ ಇನ್ನೂ ಮೋಸ: ಕಾಂಕ್ರೀಟ್ ಒಣಗಿ ಒಳಗಿನ ಕೆಲಸ ನಿಂತೇ ಹೋಗಿರುತ್ತದೆ, ಆದರೆ ಕಾದಿರುತ್ತದಲ್ಲ, ಸೆನ್ಸರ್ ಮಾತ್ರ ಅಂಕ ಕೂಡಿಸುತ್ತಲೇ ಇರುತ್ತದೆ.

ಈ ವಿಧಾನಕ್ಕಿರುವ ಅಮೆರಿಕದ ಸ್ಟ್ಯಾಂಡರ್ಡ್, ಎಎಸ್‌ಟಿಎಂ ಸಿ1074, ಇದನ್ನೇ ಹೇಳುತ್ತದೆ. ಬರೀ ಮೆಚುರಿಟಿ ನಂಬಿ ಸೆಂಟ್ರಿಂಗ್ ಬಿಚ್ಚಬೇಡಿ, ಬೇರೆ ಪರೀಕ್ಷೆಯೂ ಜೊತೆಗಿರಲಿ ಅಂತ. ಹಾಗಂತ ಸೆನ್ಸರ್ ದಂಡ ಅಲ್ಲ. 1978ರಲ್ಲಿ ಅಮೆರಿಕದ ವಿಲೋ ಐಲ್ಯಾಂಡ್‌ನಲ್ಲಿ ಕೂಲಿಂಗ್ ಟವರ್ ಕಟ್ಟುವಾಗ, ಹಿಂದಿನ ದಿನ ಹಾಕಿದ ಕಾಂಕ್ರೀಟಿಗೆ ಆ ಚಳಿಯಲ್ಲಿ ಬಲ ಬರುವ ಮೊದಲೇ ಅದರ ಮೇಲೆ ಭಾರ ಬಿದ್ದು 51 ಜನ ಕಾರ್ಮಿಕರು ಸತ್ತರು. ಒಳಗೆ ಎಷ್ಟು ತಂಪಿದೆ ಅಂತ ತಿಳಿಯುವುದಕ್ಕೆ ಇಷ್ಟು ಬೆಲೆ ಇದೆ. ಇಡುವುದಾದರೆ ಮೋಲ್ಡಿನ ಅಂಚು, ಮೂಲೆ, ಕೊನೆಯಲ್ಲಿ ಮಾಲು ಬಿದ್ದ ಜಾಗದಲ್ಲೂ ಇಡಿ. ಬೆಚ್ಚಗಿರುವ ದಪ್ಪ ತೊಲೆಯ ನಡುವೆ ಇಟ್ಟು ಇಡೀ ಮೋಲ್ಡಿಗೆ ತೀರ್ಪು ಕೊಡಬೇಡಿ.

ಸೆನ್ಸರ್ ಇಲ್ಲದಿದ್ದರೆ ನಮ್ಮ ದೇಶದ ಕಾಂಕ್ರೀಟ್ ಸ್ಟ್ಯಾಂಡರ್ಡ್ ಐಎಸ್ 456 ಇದೆ. ಆಸರೆಯಿಂದ ಆಸರೆಗೆ 4.5 ಮೀಟರ್ ತನಕದ ಸ್ಲ್ಯಾಬಿಗೆ, ಅಂದರೆ ಮೋಲ್ಡಿಗೆ, 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ ಜಾಕಿಯೋ ನೀಲಗಿರಿ ಕಂಬವೋ ಕೆಳಗೆ ಇರಲೇಬೇಕು. 6 ಮೀಟರ್ ತನಕದ ತೊಲೆಗೆ 14, ಮೇಲಿದ್ದರೆ 21. ಆದರೆ ಇದು ಓಪಿಸಿ, ಅಂದರೆ ಸಾದಾ ಸಿಮೆಂಟಿಗೆ, 15 ಡಿಗ್ರಿಗಿಂತ ಕಡಿಮೆಯಾಗದ ಹವಾಮಾನಕ್ಕೆ, ಕ್ಯೂರಿಂಗ್ (ನೀರು ಹಾಕಿ ಒದ್ದೆಯಾಗಿಡುವುದು) ಸರಿಯಾಗಿ ಆಗಿದ್ದರೆ ಹೇಳಿದ ಲೆಕ್ಕ. ನಿಮ್ಮ ಮೂಟೆಯ ಮೇಲೆ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು) ಅಂತಿದ್ದರೆ ಇನ್ನಷ್ಟು ದಿನ ಬಿಡಿ.

ಕ್ಯೂರಿಂಗ್ ಅಂದೆ ನೋಡಿ, ಅದನ್ನು ಯಾರೂ ಕೇಳುವುದೇ ಇಲ್ಲ. ಓಪಿಸಿಗೆ ಕಡಿಮೆ ಅಂದರೂ 7 ದಿನ, ಪಿಪಿಸಿಗೆ 10 ದಿನ. "ಟ್ಯಾಂಕರ್ ನೀರು, ಎಲ್ಲಿ ಸಾರ್ ಸುರಿಯೋದು" ಅನ್ನುತ್ತಾರೆ. 1000 ಚದರ ಅಡಿ ಮೋಲ್ಡ್ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ಒಂದು ಇಂಚು ನೀರು ನಿಲ್ಲಿಸಿದರೆ ಸುಮಾರು 2,360 ಲೀಟರ್. ಆಮೇಲೆ ಆರಿದಷ್ಟು ತುಂಬಿಸಿದರೆ ಸಾಕು. ಪೈಪ್ ಹಿಡಿದು ದಿನಕ್ಕೆರಡು ಸಲ ಸುಮ್ನೆ ಚಿಮುಕಿಸಿದರೆ ಅರ್ಧ ನೀರು ಕೆಳಗೆ ಹರಿದು ಹೋಗುತ್ತದೆ, ಮಧ್ಯಾಹ್ನ ಮೋಲ್ಡ್ ಮತ್ತೆ ಒಣಗಿರುತ್ತದೆ. ತೊಲೆಯ ಪಕ್ಕ, ಕಂಬಗಳ ಮೇಲೆ ನೀರು ನಿಲ್ಲುವುದಿಲ್ಲ, ಅಲ್ಲಿಗೆ ಒದ್ದೆ ಗೋಣಿಚೀಲ ಸುತ್ತಿ. ಸಂಜೆ ಒಮ್ಮೆ ಮೇಲೆ ಹತ್ತಿ ಕಟ್ಟೆ ಸೋರುತ್ತಿದೆಯಾ ನೋಡಿ.